ಥ್ಯಾಂಕ್ಸ್ ಹೇಳಬಾರದ ಜಾಗ

ಪೈಸಾಂದು, ಉರುಗ್ವೆ
೧೦ ನವೆಂಬರ್ ೨೦೦೩, ಸೋಮವಾರ

ನನ್ನ ಮುದ್ದು ಗ್ರಿಸೆಲ್ಡಾ,

ಹೇಗಿದ್ದೀಯ ಮಗಳೇ? ವಲೆನ್ಸಿಯಾದಲ್ಲಿ ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡಿದೆ ಎಂದಿದ್ದೆ, ಬಿಸಿನೀರಿನ ಶಾಖ ಕೊಟ್ಟುಕೋ. ನನ್ನ ಎದೆಯುರಿ ಹತೋಟಿಯಲ್ಲಿದೆ. ಡಾಕ್ಟರು ಮಾಟೆ ಕುಡಿಯುವುದನ್ನು ಬಿಡಿಸಿ ಹನ್ನೆರಡು ವರ್ಷವಾಯಿತಲ್ಲ, ಆ ಕಹಿ ಸೊಪ್ಪಿನ ವಾಸನೆಯೂ ಈ ಮನೆಯಲ್ಲಿಲ್ಲ. ನಮ್ಮ ರೊಮಿನಾ ಅಳುವುದಕ್ಕೆ ಅದೇ ಮೂಲವೆಂದು ನನಗಾದರೂ ಹೇಗೆ ಗೊತ್ತಾಗಬೇಕು!

ಶನಿವಾರ ಸಂಜೆ ಅವಳನ್ನು ನಮ್ಮ ಬೀದಿಯ ಕಾರ್ನಿವಲ್ ಮೇಳಕ್ಕೆ ಟೋಪಿ ಹೊಲಿಯಲು ಕಳಿಸುತ್ತಿದ್ದೆನಲ್ಲ. ಅಲ್ಲಿ ಹುಡುಗ ಹುಡುಗಿಯರೆಲ್ಲ ಸುತ್ತ ಕೂತು ಒಂದೇ ಸೋರೆಬುರುಡೆಯಲ್ಲಿ ಮಾಟೆ ಕುಡಿಯುತ್ತಾರೆ. ಮೂರು ಶನಿವಾರವೂ ಕಣ್ಣು ಕೆಂಪು ಮಾಡಿಕೊಂಡು ಬಂದಳು. "ಅಜ್ಜಿ, ಬುರುಡೆ ನಂಗೆ ಒಂದೇ ಸಲ ಬರುತ್ತೆ. ಆಮೇಲೆ ನನ್ನ ದಾಟ್ಕೊಂಡು ಹೋಗುತ್ತೆ. ನಾನು ಅವ್ರಿಗೆ ಬೇಡ." ಇಪ್ಪತ್ತೆರಡು ತುಂಬಿದರೂ ನಿನ್ನ ಮಗಳಿಗೆ ಒಬ್ಬಳೂ ಗೆಳತಿಯಿಲ್ಲವಲ್ಲ ಎಂಬ ಸಂಕಟ ನಮ್ಮಿಬ್ಬರದೂ. "ಇನ್ನೊಂದ್ಸಲ ಅತ್ಕೊಂಡು ಬಂದ್ರೆ ಕಳಿಸ್ಬೇಡಮ್ಮಾ, ಬುದ್ಧಿ ನಿಧಾನ ಅಂತ ನಗ್ತಾರೆ" ಎಂದು ನೀನು ಫೋನಿನಲ್ಲಿ ಹೇಳಿದೆ. ನಾನೂ ನಿಲ್ಲಿಸಿಬಿಡುವವಳೇ ಇದ್ದೆ.

ಅಷ್ಟರಲ್ಲಿ ಅಲ್ಲಿ ಮಾಟೆ ಸುರಿದು ಕೊಡುವ ಯಾನೆಲಾ, ಬೇಕರಿಯವನ ಮಗಳು, ಮನೆಗೇ ಬಂದಳು. "ಏನಜ್ಜಿ, ನಾನು ಕೊಡೋ ಮಾಟೆ ಅಷ್ಟು ಕೆಟ್ಟದಾಗಿರುತ್ತಾ? ರೊಮಿನಾ ಮೊದಲ್ನೇ ಸುತ್ತಿಗೇ ಥ್ಯಾಂಕ್ಸ್ ಅಂದ್ಬಿಡ್ತಾಳೆ!" ನಾನು ಹಣೆ ಚಚ್ಚಿಕೊಂಡೆ. ಬುರುಡೆ ವಾಪಸು ಕೊಡುವಾಗ ಥ್ಯಾಂಕ್ಸ್ ಎಂದರೆ ‘ನನಗೆ ಸಾಕು’ ಎಂದರ್ಥ. ಇದನ್ನು ನಮ್ಮೂರಲ್ಲಿ ಯಾರಾದರೂ ಕೂರಿಸಿ ಕಲಿಸುತ್ತಾರೆಯೇ? ಮನೆಯಲ್ಲಿ ನೋಡಿಯೇ ಬರಬೇಕು, ನೋಡಲು ಈ ಮನೆಯಲ್ಲಿ ಮಾಟೆಯೇ ಇಲ್ಲ. ಕೈಗೆ ಏನು ಕೊಟ್ಟರೂ ಥ್ಯಾಂಕ್ಸ್ ಹೇಳು ಎಂದು ಇಪ್ಪತ್ತು ವರ್ಷ ಗಿಳಿಪಾಠ ಮಾಡಿಸಿದವಳು ನಾನೇ. ಜನ ಇವಳನ್ನು ಆಡಿಕೊಳ್ಳಬಾರದೆಂದು ಕಲಿಸಿದೆ, ಅದೇ ಇವಳನ್ನು ಹೊರಗಿಟ್ಟಿತು. ತುಂಬಾ ಅತ್ತೆ, ಗ್ರಿಸೆಲ್ಡಾ.

ಆಮೇಲೆ ಅವಳಿಗೆ ಬಿಡಿಸಿ ಹೇಳಿದೆ. ಮೊನ್ನೆ ಶನಿವಾರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬುರುಡೆ ವಾಪಸು ಕೊಟ್ಟಳಂತೆ. ಏಳು ಸುತ್ತು ಕುಡಿದಿದ್ದಾಳೆ! "ಸಾಕು ಮಾರಾಯ್ತಿ, ಟೋಪಿ ಎಲ್ಲ ಹಾಗೇ ಬಿದ್ದಿವೆ" ಎಂದು ಯಾನೆಲಾ ಬೈದಳಂತೆ. ಬೈಸಿಕೊಂಡದ್ದನ್ನೇ ನನಗೆ ಹತ್ತು ಸಲ ಹೇಳಿ ನಕ್ಕಳು. ಈಗ ಮನೆಯಲ್ಲೂ ಥ್ಯಾಂಕ್ಸ್ ಬಂದ್. ಯಾಕೆ ಎಂದು ಕೇಳಿದರೆ, "ಥ್ಯಾಂಕ್ಸ್ ಅಂದ್ರೆ ನೀನು ಬಡಿಸೋದು ನಿಲ್ಲಿಸ್ತೀಯಲ್ಲ" ಅನ್ನುತ್ತಾಳೆ.

ದೇವಮಾತೆ ನಿನ್ನನ್ನು ಕಾಯಲಿ. ಸೊಂಟ ಜೋಪಾನ.

ನಿನ್ನ ಅಮ್ಮ,
ಡೆಲ್ಮಿರಾ

ಮರೆತಿದ್ದೆ: ಇನ್ನು ಶನಿವಾರ ಐದಕ್ಕೆ ಫೋನ್ ಮಾಡಬೇಡ, ಈಗ ಅವಳು ನಾಲ್ಕಕ್ಕೇ ಮೇಳಕ್ಕೆ ಓಡುತ್ತಾಳೆ, ಮನೆಯಲ್ಲಿರುವುದಿಲ್ಲ. ಭಾನುವಾರ ಮಾಡು. ಫೋನ್ ಇಡುವಾಗ ಅವಳು ಥ್ಯಾಂಕ್ಸ್ ಅನ್ನದಿದ್ದರೆ ನೊಂದುಕೊಳ್ಳಬೇಡ. ನೀನು ಮತ್ತೆ ಮಾಡಲಿ ಅಂತ.