ಕೆಂಪು ಬಂದ ದಿನ

ಗುರುಪುರ,
12 ಸೆಪ್ಟೆಂಬರ್ 2024

ಪವಿತ್ರಾ,

ಕ್ಷೇಮ ಎಂದು ಶುರು ಮಾಡಲಾರೆ. ನನ್ನ ಕ್ಷೇಮ ದಿನಾ ಬೆಳಿಗ್ಗೆ ಒಂದು ಅಂಕಿಯಾಗಿ ನಿನ್ನ ಫೋನಿಗೆ ಬರುತ್ತದೆ. ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಮಗಳು ಶಿವಾನಿ ಇಬ್ಬರ ಫೋನಿಗೂ ಆ ಆ್ಯಪ್ ಹಾಕಿಕೊಟ್ಟಳಲ್ಲ, ಅದನ್ನು ನೀನು ಇನ್ನೂ ತೆಗೆದಿಲ್ಲ. ಯಾಕೆಂದು ನಾನು ಕೇಳಿಲ್ಲ.

ನೀನು ಕೆ.ಆರ್. ನಗರದ ನಿನ್ನಣ್ಣನ ಮನೆಗೆ ಹೋಗಿ ಹದಿನಾಲ್ಕು ತಿಂಗಳಾಯಿತು. ಆ ದಿನ ನಾನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕಿಂಡಿಯಲ್ಲಿ ಥರ್ಮಾಮೀಟರ್ ನೋಡುತ್ತಿದ್ದೆ. "ಸೊಪ್ಪು ಬೇಯೋ ಶಾಖವ ಗಂಟೆಗೊಂದ್ ಸಲ ನೋಡ್ತೀರ. ನನ್ ಮಕ ನೋಡಿ ಎಷ್ಟ್ ದಿನ ಆಯ್ತು ಕಣ್ರೀ" ಎಂದು ನೀನು ಕೇಳಿದೆ. ಶಾಖ ತಪ್ಪಿದರೆ ಹೊಗೆಸೊಪ್ಪಿನ ಬಣ್ಣ ಹೋಗುತ್ತದೆ ಎಂದೆ ನಾನು. ಅದು ನಿಜ. ಆದರೆ ನಿನಗೆ ಅದು ಉತ್ತರವಲ್ಲ.

ನೀನು ಹೋದ ಮೇಲೆ ನನ್ನ ಫೋನ್ ಎತ್ತಲಿಲ್ಲ. ಆದರೆ ಅಂಕಿ ಇನ್ನೂರು ದಾಟಿ ಕೆಂಪಾದ ದಿನ ಒಂದು ಸಾಲು ಬರುತ್ತಿತ್ತು: ಗುಳಿಗೆ ತಗೊಂಡ್ರಾ? ಹಸಿರು ಬಂದ ದಿನ ಏನೂ ಇಲ್ಲ. ಇದು ಅರ್ಥವಾಗಲು ನನಗೆ ಎರಡು ತಿಂಗಳು ಹಿಡಿಯಿತು. ಮೊದಲು ಕೆಂಪಾಗಲೆಂದು ಸುಳ್ಳು ಅಂಕಿ ಒತ್ತುತ್ತಿದ್ದೆ. ಆಮೇಲೆ ಶಿವಾನಿ ಹೊಸ ಮೀಟರ್ ತಂದಳು. ಅದು ರಕ್ತ ನೋಡಿ ಅಂಕಿಯನ್ನು ತಾನೇ ಕಳಿಸುತ್ತದೆ. ಸುಳ್ಳಿಗೆ ದಾರಿ ಉಳಿಯಲಿಲ್ಲ. ಬೆಲ್ಲದ ಡಬ್ಬಿ ಇತ್ತು. ಗುಳಿಗೆಯನ್ನೂ ಬಿಟ್ಟೆ.

ಹೋದ ತಿಂಗಳು ಬ್ಯಾರನ್ನಿನೊಳಗೆ ಬರಿಗಾಲಲ್ಲಿ ಹೋಗಿ ಬಿಸಿ ಕೊಳವೆಗೆ ಕಾಲು ತಾಗಿಸಿ ನಿಂತಿದ್ದೆ. ಸಕ್ಕರೆಯಿಂದ ಪಾದ ಮರಗಟ್ಟಿದೆ, ಗೊತ್ತೇ ಆಗಲಿಲ್ಲ. ಬೆಂಕಿ ಹಾಕುವ ನಿಂಗಯ್ಯ ವಾಸನೆ ಹಿಡಿದು ಓಡಿ ಬಂದ. "ಸೊಪ್ಪು ಬೇಯ್ಲಿ ಬುಡಿ ಅಣ್ಣಾ, ನಿಮ್ ಕಾಲ್ ಯಾಕ್ ಬೇಯಿಸ್ತೀರ" ಎಂದ. ಇಬ್ಬರೂ ನಕ್ಕೆವು. ಈಗ ಹೆಬ್ಬೆರಳು ಕಪ್ಪಾಗಿದೆ.

ಹುಣಸೂರಿನ ಡಾಕ್ಟರು ಬೆರಳು ತೆಗೆಯಬೇಕು ಎನ್ನುತ್ತಾರೆ. ಸಕ್ಕರೆ ಇನ್ನೂರರ ಕೆಳಗೆ ಇಳಿದರೆ ಮಾತ್ರ ಕತ್ತರಿ ಹಿಡಿಯುವುದಂತೆ. ವಾರದೊಳಗೆ ಇಳಿಯದಿದ್ದರೆ ಬೆರಳಿನ ಮಾತಿಲ್ಲ, ಪಾದವೇ ಹೋಗುತ್ತದೆ ಎಂದರು. ಶಿವಾನಿಗೆ ಬರೀ ಗಾಯ ಎಂದಿದ್ದೇನೆ.

ಅಂದರೆ ಈಗ ಹಸಿರು ಬರಬೇಕು. ಹಸಿರು ಬಂದರೆ ನೀನು ಬರೆಯುವುದಿಲ್ಲ. ಬೆಳಿಗ್ಗೆ ಬೆರಳು ಚುಚ್ಚಿಕೊಳ್ಳುವಾಗ ಯಾವುದು ಬರಲಿ ಎಂದು ಕಾಯುತ್ತೇನೋ ನನಗೇ ತಿಳಿಯದು. ಆ ಒಂದು ಸಾಲಿನ ಕೆಳಗೆ ಇದನ್ನೆಲ್ಲ ಬರೆಯಲು ಹೋದರೆ 'ಹೂಂ' ಎನ್ನುವುದಷ್ಟೇ ಮೂಡುತ್ತದೆ. ಅದಕ್ಕೇ ಈ ಕಾಗದ.

ನೀನು ವಾಪಸ್ ಬಾ ಎಂದು ಕೇಳುತ್ತಿಲ್ಲ. ಹಸಿರು ಬಂದ ದಿನವೂ ಒಂದು ಸಾಲು ಕಳಿಸು. ಬೈದರೂ ಆದೀತು. ನಾಲ್ಕು ದಿನದಿಂದ ಗುಳಿಗೆ ನುಂಗುತ್ತಿದ್ದೇನೆ, ಬೆಲ್ಲ ಮುಟ್ಟಿಲ್ಲ.

ಇಂತಿ,
ಉಮಾಶಂಕರ

13ರ ಬೆಳಿಗ್ಗೆ ಸೇರಿಸಿದ್ದು: ಬೆಲ್ಲದ ಆ ಕೊನೆಯ ಮಾತು ನಿನ್ನೆ ರಾತ್ರಿಯವರೆಗೆ ನಿಜವಾಗಿತ್ತು. ಮೂರು ದಿನ ಹಸಿರು ಬಂತು, ಫೋನ್ ಸುಮ್ಮನಿತ್ತು. ಇವತ್ತಿನ 318 ನೀನು ಆಗಲೇ ನೋಡಿದ್ದೀಯ. 'ಏನ್ ತಿಂದ್ರಿ?' ಎಂದು ಕೇಳಿದ್ದೀಯ. ಈ ಕಾಗದ ನಿನಗೆ ಮುಟ್ಟಲು ಮೂರು ದಿನವಾದರೂ ಬೇಕು. ಅಷ್ಟು ಕಾಯಲು ನನ್ನಿಂದ ಆಗಲಿಲ್ಲ.