ಕೆಳಗಿನ ಮೂಲೆಯ ಹತ್ತಿ

ಸೆಪ್ಟೆಂಬರ್ 9, ಮಂಗಳವಾರ

ಇವತ್ತೂ ದರೋಜಿ ಕಡೆಯ ಹೊಲಗಳು. ಸ್ಕೂಟಿ ದಾರಿಯಲ್ಲಿ ಎರಡು ಸಲ ನಿಂತಿತು. ಅದಿರು ಲಾರಿಗಳ ಧೂಳು ಎಲೆಯ ಮೇಲೆಲ್ಲ ಕೆಂಪಗೆ ಕೂತಿದೆ. ಒರೆಸಿ ಒರೆಸಿ ಸಾಕಾಯಿತು. ಒರೆಸದೆ ಟೆಸ್ಟ್ ಮಾಡುವ ಹಾಗಿಲ್ಲ — ಎಲೆ ಅರೆಯಬೇಕು, ಟ್ಯೂಬಿನ ನೀರಿನಲ್ಲಿ ಕಲಸಬೇಕು, ಪಟ್ಟಿ ಅದ್ದಬೇಕು. ಒಂದು ಗೆರೆ ಮೂಡಿದರೆ ನಮ್ಮ ಸಂಸ್ಥೆ ರೈತರ ಗುಂಪಿಗೆ ಕೊಟ್ಟ ಸಾವಯವ ಬೀಜ. ಎರಡು ಮೂಡಿದರೆ ಅಂಗಡಿಯ ಬಿಟಿ, ಅಂದರೆ ಕುಲಾಂತರಿ ಬೀಜ. ಒಬ್ಬರ ಬಿಟಿ ಹತ್ತಿ ರಾಶಿಗೆ ಸೇರಿದರೂ ಸಾಕು, ಇಡೀ ಗುಂಪಿನ ಹತ್ತಿಯನ್ನು ಸಾವಯವ ಅಂತ ಮಾರುವಂತಿಲ್ಲ.

ಕೊನೆಯ ಹೊಲದ ಭೀಮಕ್ಕ ಪಟ್ಟಿ ನೋಡಿ ಬಿದ್ದು ಬಿದ್ದು ನಕ್ಕಳು. "ಇದೇನ್ರಿ ತುಳಸಿ ಮೇಡಂ, ಬಸುರಿ ಟೆಸ್ಟ್ ಇದ್ದಂಗ ಐತಿ! ಎಲ್ಡು ಗೆರಿ ಬಂದ್ರ ಮನ್ಯಾಗ ಮಾತಿಲ್ಲ, ಕತಿ ಇಲ್ಲ."

ಎಲೆಗಳನ್ನು ತಾನೇ ಕಿತ್ತು ಸೆರಗಿನಲ್ಲಿ ತಂದುಕೊಟ್ಟಳು. ಹೊಲದ ಕೆಳಗಿನ ಮೂಲೆಗೂ ಹೋಗಿ ಬರುತ್ತೇನೆ ಅಂದೆ.

"ಆ ಕಡಿ ಬ್ಯಾಡ್ರಿ. ನಿನ್ನಿ ಕರಡಿ ಹೆಜ್ಜಿ ಕಂಡಾವು."

ಹೊತ್ತು ಇಳಿಯುತ್ತಿತ್ತು. ಹೋಗಲಿಲ್ಲ. ಒಂದೇ ಗೆರೆ. ಸರಿ ಅಂತ ಬರೆದುಕೊಂಡು ಬಂದೆ.

ಸೆಪ್ಟೆಂಬರ್ 20

ನಮ್ಮ ಸಂಸ್ಥೆಯ ಮುಖ್ಯಸ್ಥ ಬಸವರಾಜ್ ಸರ್ ಆಫೀಸಿನಲ್ಲಿ ಪೇಡಾ ಹಂಚಿದರು. ತಿರುಪ್ಪೂರಿನ ಬಟ್ಟೆ ಕಂಪನಿಯವರು ಈ ಸಲ ನಡುವೆ ದಲ್ಲಾಳಿ ಇಲ್ಲದೆ ನೇರ ನಮ್ಮ ಗುಂಪಿನಿಂದಲೇ ಕೊಳ್ಳುತ್ತಾರಂತೆ. ಬೆಲೆ ಮೊದಲೇ ಮಾತಾಡಿ, ಅದೇ ಬೆಲೆಗೆ ನಿಲ್ಲುತ್ತಾರಂತೆ. ಈ ಒಂದು ಮಾತಿಗಾಗಿ ಸರ್ ಎಷ್ಟು ವರ್ಷದಿಂದ ಹಳ್ಳಿ ಹಳ್ಳಿ ತಿರುಗಿದ್ದಾರೆ... ನನಗೆ ಎರಡು ಪೇಡಾ.

ಸೆಪ್ಟೆಂಬರ್ 27, ಶನಿವಾರ

ಬೆಳಗ್ಗೆ ಬಾಗಿಲಲ್ಲಿ ಭೀಮಕ್ಕ. ಹೊಸಪೇಟೆಯ ನಮ್ಮ ಮನೆಗೆ ಹಿಂದೆಂದೂ ಬಂದವಳಲ್ಲ. ಮೊದಲ ಬಸ್ಸಿಗೇ ಹೊರಟಿರಬೇಕು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಅಮ್ಮ ಒಗ್ಗರಣೆ ಮಂಡಕ್ಕಿ ಕೊಟ್ಟರೆ ಮುಟ್ಟಲಿಲ್ಲ.

"ಆವತ್ತು ಕರಡಿ ಹೆಜ್ಜಿ ಇರ್ಲಿಲ್ರಿ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಕೆಳಗಿನ ಮೂಲ್ಯಾಗ ಅಂಗಡಿ ಬೀಜ ಹಾಕೀನ್ರಿ."

ಆಮೇಲೆ ಎಲ್ಲ ಒಂದೇ ಉಸಿರಿಗೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟಿತು. ಆ ಮೂಲೆಯಲ್ಲಿ ಅರ್ಧಕ್ಕರ್ಧ ಬೀಜ ಹುಟ್ಟಲಿಲ್ಲ. ನಮ್ಮ ಆಫೀಸಿಗೆ ಫೋನ್ ಮಾಡಿದಳು. "ಸ್ಟಾಕ್ ಇಲ್ಲ ಅಂದ್ರಿ. ಖಾಲಿ ನೆಲ ನೋಡ್ಕಂತ ಕುಂದ್ರಾಕ ಆಗ್ತೈತೇನ್ರಿ?" ಕಂಪ್ಲಿಯ ಮೈದುನನ ಹತ್ತಿರ ಪ್ಯಾಕೆಟ್ಟಿನಲ್ಲಿ ಉಳಿದ ಬೀಜ ಇತ್ತು. ತಂದು ಹಾಕಿದಳು. ಅದು ಬಿಟಿ ಅಂತ ಅವನಿಗೂ ಗೊತ್ತು, ಇವಳಿಗೂ ಗೊತ್ತು.

ಈಗ ಯಾಕೆ ಹೇಳಿದಿರಿ ಅಂತ ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ.

"ಕಾಯಿ ಒಡಿಯಾಕ ಹತ್ಯಾವ್ರಿ. ಬಿಡಿಸಿದ್ರ ನಂದೂ ಬಾಜು ಹೊಲದ ನಿಂಗಕ್ಕಂದೂ ಎಲ್ಲಾ ಒಂದ ರಾಶಿ. ನಂದು ಹೋಗಿ ಅವರದಕ್ಕ ಮೆತ್ತಿಗೊಂಡ್ರ... ನಿದ್ದಿ ಹತ್ತವಲ್ದು."

ಹೋಗುವಾಗ ಅಮ್ಮ ಮಂಡಕ್ಕಿಯನ್ನು ಪೇಪರಿನಲ್ಲಿ ಕಟ್ಟಿ ಕೈಗೆ ತುರುಕಿದಳು.

ಸೆಪ್ಟೆಂಬರ್ 28

ಹೋದೆ. ಕೆಳಗಿನ ಮೂಲೆಗೇ ಹೋದೆ. ಎರಡು ಗೆರೆ. ಕಣ್ಣು ಕಿರಿದು ಮಾಡಿ ನೋಡಬೇಕಾದ ಗೆರೆಯಲ್ಲ — ಢಾಳಾಗಿ ಎರಡು. ಭೀಮಕ್ಕ ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಹೇಳುವ ಅಗತ್ಯವೇ ಬೀಳಲಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಬಸವರಾಜ್ ಸರ್ ಮೊದಲು ಬಾಗಿಲು ಹಾಕಿದರು.

"ಬರೀಬ್ಯಾಡ. ಆಕಿ ಹತ್ತಿ ಸುಮ್ನ ಬ್ಯಾರೆ ಇಡಾಣ. ಯಾರಿಗೂ ಗೊತ್ತಾಗಂಗಿಲ್ಲ."

"ಇನ್‌ಸ್ಪೆಕ್ಟರ್ ಸರ್ಟಿಫಿಕೇಟ್ ಕೊಡಾಕ ಬಂದು ಆ ಮೂಲ್ಯಾಗ ಎಲಿ ಕಿತ್ತರ ಏನ್ ಮಾಡೋದು ಸರ್?"

"ಕಂಪನಿಯವರು ಕೈ ಬಿಟ್ರ ಆ ಜನಕ್ಕ ನೀ ಉತ್ತರ ಹೇಳ್ತೀಯೇನು?"

ಸರ್ ಕೆಟ್ಟವರಲ್ಲ. ಹೆದರಿದ್ದಾರೆ. ನಾನೂ ಹೆದರಿದ್ದೇನೆ. ಆದರೂ ಬಾಯಿಗೆ ಬಂತು — "ಭೀಮಕ್ಕ ತಾನಾಗಿ ಬಂದು ಹೇಳಿದ್ದಕ್ಕ ನಮಗ ಗೊತ್ತಾಗೈತಿ ಸರ್. ಈಗ ನಾವು ಮುಚ್ಚಿಟ್ರ, ಇನ್ನೊಬ್ಬರು ಯಾಕ ಬಂದು ಹೇಳ್ತಾರ?"

ಸರ್ ಫ್ಯಾನ್ ನೋಡುತ್ತ ಕೂತರು. ನಾನು ಎದ್ದು ಬಂದೆ. ಕೆಲಸ ಹೋಯಿತು ಅಂದುಕೊಂಡೆ. ಸಂಜೆ ಫೋನ್: "ಆತು. ಮೀಟಿಂಗ್ ಕರಿ. ಕಂಪನಿಗೆ ನಾನ ಹೇಳ್ತೀನಿ."

ಅಕ್ಟೋಬರ್ 2, ವಿಜಯದಶಮಿ

ಭೀಮಕ್ಕನಿಗೆ ಫೋನ್ ಮಾಡಿದೆ. ಊರಿಗೆಲ್ಲ ಸುದ್ದಿ ಗೊತ್ತಾಗಿದೆ. ಎಲ್ಲರೂ ಮನೆ ಮನೆಗೆ ಹೋಗಿ ಹಬ್ಬದ ಬನ್ನಿ ಎಲೆ ಕೊಟ್ಟು ಬಂದಿದ್ದಾರೆ. ಇವಳ ಮನೆಗೆ ಯಾರೂ ಬಂದಿಲ್ಲ.

"ಇರ್ಲಿ ಬಿಡ್ರಿ" ಅಂದಳು. ಇರಲಿ ಅನ್ನುವ ದನಿ ಅದಲ್ಲ.

ಅಕ್ಟೋಬರ್ 5, ಭಾನುವಾರ

ಸಮುದಾಯ ಭವನದಲ್ಲಿ ಮೀಟಿಂಗ್. ಕೂರಲು ಜಾಗ ಇಲ್ಲದಷ್ಟು ಜನ. ಭೀಮಕ್ಕನ ಸುತ್ತ ಮಾತ್ರ ನೆಲ ಖಾಲಿ.

ಗುಂಪಿನ ಅಧ್ಯಕ್ಷ ಜಡೆಪ್ಪ ನಿಂತುಕೊಂಡೇ ಶುರು ಮಾಡಿದ. "ಹೊರಗ ಹಾಕ್ರಿ! ಒಬ್ಬಾಕಿ ಸಲುವಾಗಿ ಎಲ್ಲಾರೂ ಮುಳುಗಬೇಕೇನು? ಮಾತೇ ಬ್ಯಾಡ!" ಮೈಕ್ ಇಲ್ಲದಿದ್ದರೂ ರಸ್ತೆಯವರೆಗೆ ಕೇಳಿಸಿರಬೇಕು. ಹಲವರು ತಲೆ ಆಡಿಸಿದರು.

ಭೀಮಕ್ಕ ಎದ್ದಳು. "ಹಾಕ್ರಿ. ತಪ್ಪು ಮಾಡೀನಿ. ಒಂದ ಮಾತು ಕೇಳ್ತೀನಿ. ನಾ ಹೇಳದ ಇದ್ದಿದ್ರ ನಿಮಗ ಹೆಂಗ ಗೊತ್ತಾಗ್ತಿತ್ತು?"

ನಿಂಗಕ್ಕ — ಊರಲ್ಲೇ ಹಿರಿಯಳು, ಭೀಮಕ್ಕನ ಪಕ್ಕದ ಹೊಲದವಳು — ಬಾಯೊಳಗಿನ ಎಲೆಯಡಿಕೆ ಹೊರಗೆ ಉಗುಳಿ ಬಂದು, ಆ ಖಾಲಿ ನೆಲದಲ್ಲಿ ಭೀಮಕ್ಕನ ಪಕ್ಕ ಕೂತಳು.

"ಬೀಜ ಹುಟ್ಲಿಲ್ಲ ಅಂತ ಈಕಿ ಬಾವಿ ಕಟ್ಟಿಗಿ ಕುಂತು ಅತ್ತದ್ದು ನಾವೆಲ್ಲಾ ನೋಡೀವಿ. ನನ್ನ ಮನ್ಯಾಗ ಬೀಜ ಉಳಿದಿತ್ತು. ಈಕಿ ಕೇಳ್ಲಿಲ್ಲ, ನಾ ಕೊಡ್ಲಿಲ್ಲ. ಈಗ ಹೊರಗ ಹಾಕಾಕ ಮಾತ್ರ ಎಲ್ಲಾರೂ ಬಂದೀವಿ."

ಆಮೇಲೆ ಬಸವರಾಜ್ ಸರ್ ಎದ್ದರು. ಬೀಜ ಅಳೆದು ತೂಗಿ ಕೊಟ್ಟದ್ದು ಆಫೀಸು, ಕೇಳಿದಾಗ ಇಲ್ಲ ಅಂದದ್ದೂ ಆಫೀಸು ಅಂತ ಎಲ್ಲರೆದುರು ಒಪ್ಪಿಕೊಂಡರು. ಮುಂದಿನ ಮುಂಗಾರಿಗೆ ಬೀಜ ಹುಟ್ಟದ ಜಾಗಕ್ಕೆಂದೇ ಹೆಚ್ಚಿನ ಬೀಜ ಊರಲ್ಲೇ ಇಡುವುದು, ನಿಂಗಕ್ಕನ ಮನೆಯಲ್ಲಿ. ಕಂಪನಿಯವರು ಇನ್ನೂ ಏನೂ ಹೇಳಿಲ್ಲ. ಇನ್‌ಸ್ಪೆಕ್ಷನ್ ಆಗಲಿ ಅಂದಿದ್ದಾರೆ, ಅಷ್ಟೆ.

ಕೊನೆಗೆ ತೀರ್ಮಾನ: ಭೀಮಕ್ಕನ ಹತ್ತಿ ಈ ಸಲ ಗುಂಪಿನ ರಾಶಿಗೆ ಬೇಡ, ಹೊರಗೆ ಮಾರಿಕೊಳ್ಳಬೇಕು. ಅವಳ ಹೊಲಕ್ಕೆ ಸರ್ಟಿಫಿಕೇಟಿಗೆ ಬೇಕಾದ ಸಾವಯವ ವರ್ಷಗಳ ಎಣಿಕೆ ಮತ್ತೆ ಮೊದಲಿನಿಂದ. ಆದರೆ ಗುಂಪಿನಿಂದ ಹೊರಗಲ್ಲ. ಕೈ ಎತ್ತಿ ಅಂದಾಗ ಒಂದೊಂದೇ ಕೈ ಮೇಲೆ ಬಂತು. ಜಡೆಪ್ಪನದು ಎಲ್ಲರಿಗಿಂತ ತಡವಾಗಿ.

ಅವಳಿಗೆ ನಷ್ಟವೇ. ಆದರೂ ಹೊರಗೆ ನಲ್ಲಿಯಲ್ಲಿ ಮುಖ ತೊಳೆದು ನನ್ನ ಕಡೆ ತಿರುಗಿದಾಗ ಬೇರೆಯೇ ಹೆಂಗಸಿನ ಹಾಗಿದ್ದಳು. "ಇವತ್ತು ಕಣ್ತುಂಬ ಮಕ್ಕಂತೀನ್ರಿ ಮೇಡಂ" ಅಂದಳು.

ಅಕ್ಟೋಬರ್ 8

ಚೀಲ ತರಲು ಕಂಪ್ಲಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಎದುರಿಗೆ ಬಂದು ಕೂತವನು ಜಡೆಪ್ಪ. ಟೀ ಹೇಳಿದ. ಮಳೆಯ ಮಾತಾಡಿದ. ಭತ್ತದ ಮಾತಾಡಿದ. ಟೀ ಮುಗಿದ ಮೇಲೆ —

"ನಮ್ಮ ಹೊಲಕ್ಕೂ ಒಂದ್ಸಲ ಬರ್ರಿ. ಆ ಪಟ್ಟಿ ತಗಂಡು."

"ಯಾಕ್ರಿ?"

"ಬದುವಿನ ಗುಂಟ ಎಲ್ಡು ಸಾಲು... ನನ್ನ ಮಗ ಹಾಕ್ಯಾನ." ಲೋಟ ತಿರುಗಿಸಿದ. "ಅಲ್ಲ. ನಾನ ಹಾಕೀನಿ."

"ಮತ್ತ ಮೀಟಿಂಗಿನ್ಯಾಗ ಹಂಗ ಕೂಗಿದ್ರಿ?"

"ಜೋರು ಕೂಗಿದ್ರ ನನ್ನ ಕಡಿ ಯಾರೂ ನೋಡಂಗಿಲ್ಲ ಅನ್ಕಂಡೆ."

ನಗು ಬಂತು, ತಡೆದುಕೊಂಡೆ. ಮೊದಲು ಭೀಮಕ್ಕನ ಮನೆಗೆ ಹೋಗಿ ಹೇಳಿ, ಆಮೇಲೆ ನಾನು ಬರುತ್ತೇನೆ ಅಂದೆ. ಇನ್ನೊಂದು ಟೀ ಹೇಳಿದ. ಆ ಟೀ ಕುಡಿಯದೇ ಎದ್ದು ಹೋದ.

ಅಕ್ಟೋಬರ್ 10

ಭೀಮಕ್ಕನ ಫೋನ್. "ಜಡೆಪ್ಪ ಬಂದಿದ್ದ್ರಿ. ದಸರಾ ಮುಗಿದ ಮ್ಯಾಲೆ ಬನ್ನಿ ತಂದಾನ! ಒಣಗಿ ಪುಡಿ ಆಗಿತ್ತು. ಇಸ್ಕಂಡೆ."

ಏನಂದ ಅಂತ ಕೇಳಿದೆ. ತನ್ನ ಎರಡು ಸಾಲಿನ ಮಾತು ಹೇಳಿದನಂತೆ, ಅಷ್ಟೆ. ಕೂತು ಅಳ್ಳಿಟ್ಟಿನ ಉಂಡೆ ತಿಂದು ಹೋದನಂತೆ.

ಅಕ್ಟೋಬರ್ 17

ಜಡೆಪ್ಪನ ಹೊಲದಲ್ಲೂ ಎರಡು ಗೆರೆ ಬಂದಿತ್ತು. ಈಗ ಇನ್ನಿಬ್ಬರು. ತಾವಾಗಿ ಬಂದು ಹೇಳಿದರು. ಒಬ್ಬರದು ಎರಡು ಗೆರೆ. ಎರ್ರಿಯಪ್ಪನದು ಒಂದೇ ಗೆರೆ — ಪಾಪ, ಯಾವ ಬೀಜ ಹಾಕಿದೆ ಅಂತ ಮರೆತು ಸುಮ್ಮನೆ ಹೆದರಿ ಸಾಯುತ್ತಿದ್ದ. ಪಟ್ಟಿಯನ್ನು ಕೇಳಿ ಇಸಿದುಕೊಂಡು ಜೇಬಿನಲ್ಲಿ ಇಟ್ಟುಕೊಂಡ, ಹೆಂಡತಿಗೆ ತೋರಿಸಲು.

ಸರ್‌ಗೆ ಹೇಳಿದೆ. "ಇನ್ನೆಷ್ಟು ಮಂದಿ ಅದಾರ ಮಾರಾಯ್ತಿ?" ಅಂದರು. ರಾಶಿ ಸಣ್ಣದಾಗುತ್ತಿದೆ. ಆದರೆ ಉಳಿದದ್ದು ನಿಜವಾಗಿ ನಮ್ಮದು.

ನವೆಂಬರ್ 4, ಮಂಗಳವಾರ

ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಇನ್‌ಸ್ಪೆಕ್ಟರ್ ಬಂದಿದ್ದರು. ಸಣ್ಣ ಮೈಕಟ್ಟಿನ ಹೆಂಗಸು, ಮಾತು ಕಡಿಮೆ. ನನ್ನ ವರದಿ ಓದಿದರು. ಮುಖದಲ್ಲಿ ಏನೂ ಇಲ್ಲ.

"ಬೇರೆ ಇಟ್ಟಿರೋದನ್ನ ತೋರಿಸಿ."

ತೋರಿಸಿದೆವು. ಆ ಮೂವರ ಹತ್ತಿ ಊರಾಚೆಯ ಶೆಡ್ಡಿನಲ್ಲಿ, ಚೀಲದ ಬಾಯಿಗೆ ಕೆಂಪು ದಾರದ ಹೊಲಿಗೆ. ಗುಂಪಿನ ರಾಶಿ ಭವನದಲ್ಲಿ. ರಾಶಿಯ ಒಳಗೆ ಮೊಳಕೈವರೆಗೆ ಕೈ ಹಾಕಿ ಸ್ಯಾಂಪಲ್ ತೆಗೆದು ಸೀಲ್ ಮಾಡಿದರು. ಊಟ ಮಾಡಿ ಹೋಗಿ ಅಂತ ಭೀಮಕ್ಕ ಕೇಳಿದಳು. ಊಟ ಮಾಡುವ ಹಾಗಿಲ್ಲವಂತೆ. ನೀರು ಮಾತ್ರ ಕುಡಿದರು. ಲ್ಯಾಬಿನ ರಿಸಲ್ಟ್ ಬರಲಿ ಅಂದರು.

ಬರಲಿ.

ನವೆಂಬರ್ 23

ಕೊಟ್ರಯ್ಯನವರ ಜಿನ್ನಿಂಗ್ ಮಿಲ್ಲು. ಕಾಳು ಬಿಡಿಸುವ ಮಷಿನ್ನಿನಲ್ಲಿ ಬೇರೆಯವರ ಹತ್ತಿಯ ಎಳೆ ಉಳಿದಿರಬಾರದು. ಅದಕ್ಕೆ ಇವತ್ತೆಲ್ಲ ಬರೀ ಗುಡಿಸುವುದು, ಊದುವುದು, ಮತ್ತೆ ಗುಡಿಸುವುದು. ಕೊಟ್ರಯ್ಯನವರು ಮೂಗಿಗೆ ಟವೆಲ್ ಕಟ್ಟಿಕೊಂಡು ಗೊಣಗುತ್ತಲೇ ತಾವೂ ಕೈ ಹಾಕಿದರು.

ಪೊರಕೆ ಹಿಡಿದು ಮುಂದೆ ನಿಂತವಳು ಭೀಮಕ್ಕ. ಅವಳದು ಒಂದು ಹಿಡಿ ಹತ್ತಿಯೂ ಇದರಲ್ಲಿ ಇಲ್ಲ.

"ನೀವ್ಯಾಕ ಬಂದ್ರಿ ಭೀಮಕ್ಕ?"

"ಇಲ್ಲಂತನ ಬಂದೀನ್ರಿ. ಮಂದಿ ಹತ್ತಿಯೊಳಗ ಮತ್ತೊಬ್ಬರ ಎಳಿ ಹೋದ್ರ ಏನಾಗ್ತೈತಿ ಅಂತ ನನಗಿಂತ ಯಾರಿಗಿ ಗೊತ್ತು?"

ಸಂಜೆ ನಮ್ಮ ಹತ್ತಿ ಹಾಕಿದರು. ಬೆಳ್ಳಗೆ ಬಂತು. ಎಲ್ಲರೂ ಮುಂದೆ ಬಗ್ಗಿ ನೋಡಿದೆವು.

ಡಿಸೆಂಬರ್ 6

ರಿಸಲ್ಟ್ ಇಲ್ಲ. ಸರ್ ದಿನಾ ಮೇಲ್ ನೋಡುತ್ತಾರೆ. ನಾನು ಅವರ ಮುಖ ನೋಡುತ್ತೇನೆ.

ಡಿಸೆಂಬರ್ 13, ಶನಿವಾರ

ಅಮ್ಮ ಎಷ್ಟು ದಿನದಿಂದ ವಿರೂಪಾಕ್ಷನ ದರ್ಶನ ಅಂತ ಕೇಳುತ್ತಿದ್ದಳು. ರಜೆ. ಹಂಪಿಗೆ ಕರೆದುಕೊಂಡು ಹೋದೆ. ದರ್ಶನ ಮುಗಿಸಿ ಬಜಾರಿನ ಕಲ್ಲು ಮಂಟಪದ ನೆರಳಲ್ಲಿ ಕೂತು ಸೌತೆಕಾಯಿ ತಿನ್ನುತ್ತಿದ್ದೆವು. ಸರ್ ಮೆಸೇಜ್. ಒಂದೇ ಪದ. ಪಾಸ್.

ಮತ್ತೆ ಓದಿದೆ. ಅಮ್ಮ ನನ್ನ ಮುಖ ನೋಡಿ ಗಾಬರಿಯಾದಳು. "ಯಾರಿಗೇನಾತು?" ಯಾರಿಗೂ ಏನೂ ಆಗಿಲ್ಲ ಅಂತ ಮೊಬೈಲನ್ನೇ ಅವಳ ಮುಂದೆ ಹಿಡಿದೆ. ಇಷ್ಟು ದಿನ ಎದೆಯ ಮೇಲೆ ಏನಿತ್ತು ಅಂತ ಅದು ಇಳಿದ ಮೇಲೆ ಗೊತ್ತಾಯಿತು.

ಸರ್‌ಗೆ ಫೋನ್ ಮಾಡಿದೆ. ಕಂಪನಿಯವರು ಲಾರಿ ಕಳಿಸುತ್ತಾರಂತೆ, ಮುಂದಿನ ವರ್ಷಕ್ಕೂ ಮಾತು ಕೊಟ್ಟಿದ್ದಾರಂತೆ. ನಡುವೆ ಮೂಗು ಎಳೆದುಕೊಂಡರು. "ಧೂಳು ಭಾಳ ಐತಿ ಇಲ್ಲಿ" ಅಂದರು. ಮನೆಯಲ್ಲೇ ಇದ್ದರು — ಹಿಂದೆ ಟಿವಿ ಕೇಳಿಸುತ್ತಿತ್ತು.

ಆಮೇಲೆ ಭೀಮಕ್ಕನಿಗೆ. ಹೇಳಿದೆ. ಕೇಳಿಸಿತಾ ಅಂದೆ. ಕೇಳಿಸಿತ್ತು — "ಯಕ್ಕಾ! ನಿಂಗಕ್ಕಾ!" ಅಂತ ಕೂಗಿಕೊಂಡು ಓಡಿದಳು, ಫೋನ್ ಇಡುವುದನ್ನೇ ಮರೆತು. ಬಳೆ ಸದ್ದು. ಕೋಳಿಗಳು ಚೆದುರಿದ ಸದ್ದು. ಯಾವುದೋ ಬಾಗಿಲು ಬಡಿದಳು, ಇನ್ನೊಂದು ಬಾಗಿಲು ಬಡಿದಳು. ಒಬ್ಬೊಬ್ಬರೇ ಹೊರಗೆ ಬಂದರು, ಎಲ್ಲರೂ ಒಟ್ಟಿಗೆ ಮಾತಾಡಿದರು. ಯಾರೋ ಅಳುತ್ತಿದ್ದರು, ಅವರನ್ನು ನೋಡಿ ಯಾರೋ ನಗುತ್ತಿದ್ದರು.

ಸ್ಪೀಕರ್ ಹಾಕಿ ಅಮ್ಮನಿಗೂ ಕೇಳಿಸಿದೆ. ಅಮ್ಮ ಕಿವಿ ಕೊಟ್ಟು ಕೇಳಿದಳು. "ಯಾರ ಮನ್ಯಾಗಲೇ ಮದುವಿ?"

ಈಗ ಮನೆಗೆ ಬಂದು ಬರೆಯುತ್ತಿದ್ದೇನೆ. ಮತ್ತೆ ಫೋನ್. ಜಡೆಪ್ಪ. ಎತ್ತುವ ಮೊದಲೇ ಗೊತ್ತು, ರಸ್ತೆಯವರೆಗೆ ಕೇಳಿಸುವ ಹಾಗೆ ಕೂಗುತ್ತಾನೆ. ಈ ಸಲ ಕೂಗಲಿ.