ಬಾಗಿಲ ಹಾಡಿನ ಹೊತ್ತು

ಕಡಲು ಮೂರನೆಯ ಸಲ ಒಳಬಂದ ಮೇಲಿನ ನಲವತ್ತೊಂದನೆಯ ವರ್ಷ, ಮರಳುತಿಂಗಳು
ಕಾರವಾರದ ಗುಡ್ಡ

ನನಗಿಂತ ಆರು ತಲೆಮಾರು ಹಿಂದಿನ ಅಜ್ಜಿಗೆ, ಚಂದ್ರಭಾಗಿಯ ನಮಸ್ಕಾರ.

ಇಲ್ಲಿಯ ಕೆಲವು ಮಾತು ನಿನಗೆ ತಿಳಿಯಲಿಕ್ಕಿಲ್ಲ. ನೀನು ಹೋದ ಮೇಲೆ ಹುಟ್ಟಿದ ಮಾತುಗಳವು, ಸಿಟ್ಟಾಗಬೇಡ.

ಕಡಲು ಏರುವ ಮುನ್ನ ನಮ್ಮಲ್ಲಿ ಕೊಂಬು ಊದುತ್ತಾರೆ. ಊರಿಗೆ ಊರೇ ಗುಡ್ಡದೊಳಗಿನ ಆಸರೆಮನೆಗೆ ಓಡುತ್ತದೆ. ಗಡಿಯಾರಗಳನ್ನೆಲ್ಲ ಉಪ್ಪುಗಾಳಿ ತಿಂದುಹಾಕಿದೆ. ಹಾಗಾಗಿ ಬಾಗಿಲು ಮುಚ್ಚುವ ಹೊತ್ತು ತಿಳಿಯಲು ಒಂದು ಉದ್ದನೆಯ ಹಾಡಿದೆ. ಅದು ಮುಗಿದಾಗ ಅಗುಳಿ ಹಾಕಬೇಕು. ಲಯ ಸಮವಾಗಿರಲೆಂದು ಇಬ್ಬರು ಕೈ ಹಿಡಿದು ಹಾಡುತ್ತಾರೆ. ಒಬ್ಬರು ಬಿಸಿಹೊತ್ತಿನವರು, ಎಂದರೆ ನೀವು ಪುಕ್ಕಲರು ಎನ್ನುತ್ತಿದ್ದವರು. ಹೆದರಿದರೆ ಅವರಿಗೆ ಕ್ಷಣವೂ ಒಂದು ಮಧ್ಯಾಹ್ನದಷ್ಟು ಉದ್ದವಾಗುತ್ತದೆ, ಹೊತ್ತು ಮೀರಿತೆಂದು ಹಾಡನ್ನು ಓಡಿಸುತ್ತಾರೆ. ಇನ್ನೊಬ್ಬರು ತಣ್ಣನೆ ಹೊತ್ತಿನವರು. ಅವರೊಬ್ಬರಿಗೇ ಬಿಟ್ಟರೆ ನೀರು ಹೊಸಿಲು ದಾಟಿದರೂ ರಾಗ ಎಳೆಯುತ್ತಿರುತ್ತಾರೆ. ನಾನು ತಣ್ಣನೆಯವಳು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಎಂದು ನನ್ನ ಗಂಡ ಆಡಿಕೊಳ್ಳುತ್ತಾನೆ. ನನ್ನ ಜೊತೆಗಾರ ನೇಮಣ್ಣ, ತೆಂಗಿನಕಾಯಿ ಬಿದ್ದರೂ ಬೆಚ್ಚಿ ಬೀಳುವವನು. ಅವನನ್ನು ಕಂಡು ಊರೆಲ್ಲ ನಗುತ್ತದೆ, ನಾನೂ ನಗುತ್ತಿದ್ದೆ.

ಕಳೆದ ಅಮಾವಾಸ್ಯೆಗೆ ಕೊಂಬು ಊದಿದಾಗ ನನ್ನ ಮಗಳು ಕೇತಕಿ ಚಿಪ್ಪು ಹೆಕ್ಕಲು ಕೆಳಗಿನ ಕೆಸರಿಗೆ ಹೋಗಿದ್ದಳು. ಎಲ್ಲರೂ ಬಂದರು, ಅವಳು ಬರಲಿಲ್ಲ. ನಾವು ಹಾಡು ಎತ್ತಿಕೊಂಡೆವು. ಎಂದಿನಂತೆಯೇ ಹಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆದರೆ ಯುಗವೇ ಕಳೆದಂತಿತ್ತು. ತಡವಾಯಿತು, ನೀರು ಇನ್ನೇನು ನುಗ್ಗುತ್ತದೆ, ಒಳಗೆ ಕುಳಿತವರೂ ಯಾರದೋ ಮಕ್ಕಳೇ ಎಂದು ನುಡಿಯ ಮೇಲೆ ನುಡಿ ಓಡಿಸಿದೆ. ಒಂದು ಕೈ ಆಗಲೇ ಅಗುಳಿಯ ಮೇಲಿತ್ತು.

ನೇಮಣ್ಣ ಹಾಡು ನಿಲ್ಲಿಸಿದ. ನನ್ನ ಕೈಯನ್ನು ಒತ್ತಿ ಹಿಡಿದ.

"ತಂಗಿ, ಇದು ಹೆದರಿಕೆ ಹೊತ್ತು. ನಂಗೆ ಇದ್ರ ಗುರ್ತದೆ. ಹೊರಗೆ ಇನ್ನೂ ಬೇಕಾದಷ್ಟು ಹೊತ್ತದೆ. ಸಾವಕಾಶ ಹೇಳು, ನನ್ ಸಂಗ್ತಿಗೆ."

ಹುಟ್ಟಿದಂದಿನಿಂದ ಆ ಸುಳ್ಳು ಹೊತ್ತಿನೊಡನೆ ಏಗಿದ ಮನುಷ್ಯ ಅವನು. ಬಿಟ್ಟ ನುಡಿಗಳಿಗೆ ನನ್ನನ್ನು ಹಿಂದಕ್ಕೆ ಕರೆದೊಯ್ದು, ಮಗುವನ್ನು ನಡೆಸಿದಂತೆ ಒಂದೊಂದಾಗಿ ಹಾಡಿಸಿದ. ಕೊನೆಯ ನುಡಿಗೆ ಬಂದಾಗ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಕೇತಕಿ ಒಳಗೆ ಬಂದಳು. ನೇಮಣ್ಣ ಅಗುಳಿ ಹಾಕಿದ.

ಅವಳಿಗೆ ದಾರಿಯುದ್ದಕ್ಕೂ ನಮ್ಮ ಹಾಡು ಕೇಳಿಸಿತ್ತಂತೆ. "ಆಯಿ, ಎಂತಕ್ಕೆ ಮೊದ್ಲು ಅಷ್ಟು ಬೇಗ ಬೇಗ ಹಾಡ್ದೆ? ನಾ ಬರೂದೇ ಇಲ್ಲ ಅಂದ್ಕಂಡ್ಯಾ?" ಎಂದು ಕೇಳಿದಳು. ನಾನು ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಅಜ್ಜಿ, ನಿನ್ನ ಮನೆಯಲ್ಲೂ ಅಂಥವರೊಬ್ಬರು ಇರಬಹುದು. ಯಾರಾದರೂ ಬರುವುದು ತುಸು ತಡವಾದರೆ ಹತ್ತು ಸಲ ಫೋನ್ ಮಾಡುವ, ಬಾಗಿಲಿಗೂ ಒಳಕ್ಕೂ ಅಲೆಯುವ ಜೀವ. ದಯವಿಟ್ಟು ಅವರನ್ನು ನೋಡಿ ನಗಬೇಡ. ನೀನು ಹೆದರುವ ದಿನವೂ ಬರುತ್ತದೆ. ಅಂದು ನಿನ್ನ ಕೈ ಹಿಡಿಯಲು ಗೊತ್ತಿರುವುದು ಅವರೊಬ್ಬರಿಗೇ.